ಮೂರನೇ ಕೋಣೆಗೆ ಅರ್ಧ ದಿನ ರಜೆ

"ಆ ಪಾಳು ಪಟ್ಟಣದಲ್ಲಿ ನೋಡೋಕೆ ಏನಿದೆಯಮ್ಮಾ?" ಅಜ್ಜಿಯೊಬ್ಬರು ಮೊಣಕಾಲು ನೀವಿಕೊಳ್ಳುತ್ತಾ ಕೇಳಿದರು.

ಮ್ಯೂಸಿಯಂನ ಮೂರನೇ ಕೋಣೆಯ ಕಾವಲುಗಾರ್ತಿ ಎಂದಿನಂತೆ ಕುರ್ಚಿಯಲ್ಲಿ ಕೂತೇ ಹೇಳಿದಳು: "ಎರಡು ಕಣ್ಣು ಸಾಲಲ್ಲ ಅಜ್ಜಿ. ಸೇತುವೆ ದಾಟಿ ಎಡಕ್ಕೆ ತಿರುಗಿದ್ರೆ ಸಿಕ್ತು."

"ನೀನು ಎಷ್ಟು ಸಲ ನೋಡಿದೀಯ?"

ಕಾವಲುಗಾರ್ತಿ ಅತ್ತ ಕಾಲಿಟ್ಟವಳೇ ಅಲ್ಲ. ಕೋಣೆಯ ಮಣಿಸರ, ಮೂಗು ಮುರಿದ ಕಲ್ಲಿನ ಮುಖಗಳು, ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದ ಚೂಪು ತಳದ ಮಡಕೆಗಳು ಎಲ್ಲವೂ ಅಲ್ಲಿಂದಲೇ ಬಂದವು. ಅವುಗಳ ಮುಂದೆ ಕೂತೇ ಅವಳ ತಲೆ ಅರ್ಧ ನರೆತಿತ್ತು. ಆದರೆ ಮ್ಯೂಸಿಯಂಗೂ ಪಾಳು ಪಟ್ಟಣಕ್ಕೂ ವಾರದ ರಜೆ ಒಂದೇ ದಿನ. ಇವಳಿಗೆ ಬಿಡುವಾದಾಗ ಅಲ್ಲಿ ಬೀಗ. ಉಳಿದ ರಜೆಗಳು ಮಗಳ ಹೆರಿಗೆಗೆ, ಅತ್ತೆಯ ಆಸ್ಪತ್ರೆಗೆ ಸರಿಹೋಗಿದ್ದವು. ಕಲ್ಲು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಸುಮ್ಮನಿದ್ದಳು.

ಈಗ ದುರಸ್ತಿಗೆಂದು ನಾಳೆಯಿಂದ ಪಾಳು ಪಟ್ಟಣವನ್ನೇ ಮುಚ್ಚುತ್ತಿದ್ದರು. ಮತ್ತೆ ತೆರೆಯುವುದು ಯಾವಾಗ ಎಂದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಅವಳು ಎದ್ದು ಮೇಲ್ವಿಚಾರಕರ ಕೋಣೆಗೆ ಹೋದಳು.

"ಅರ್ಧ ದಿನ ರಜೆ ಬೇಕಿತ್ತು ಸಾರ್."

"ಯಾಕಮ್ಮಾ, ಹುಷಾರಿಲ್ವಾ?"

"ಗಟ್ಟಿಮುಟ್ಟಾಗಿದೀನಿ. ಪಾಳು ಪಟ್ಟಣ ನೋಡ್ಬೇಕು."

ಅವರು ಕನ್ನಡಕ ಹಣೆಗೇರಿಸಿದರು. "ಮತ್ತೆ ಇಷ್ಟು ವರ್ಷ ಜನಕ್ಕೆ ಹೇಳಿದ್ದು?"

"ಬಾಯಿಗೆ ಬಂದದ್ದು ಸಾರ್."

ನಗು ತಡೆಯಲಾರದೆ ಅವರೇ ಬಂದು ಅವಳ ಕುರ್ಚಿಯಲ್ಲಿ ಕೂತರು.

ಅವಳು ಫೋನ್ ಮಾಡಿ ಕರೆದಿದ್ದ ಗಂಡ ಗೇಟಿನ ಹೊರಗೆ ಸ್ಕೂಟರ್ ತಂದು ನಿಲ್ಲಿಸಿದ್ದ. "ಕಲ್ಲು ಕಾಯೋಕೆ ಸಂಬಳ ತಗೊಂಡು, ಕಲ್ಲು ನೋಡೋಕೆ ರಜೆ ಹಾಕಿದೀಯಲ್ಲೇ!"

"ನೀವು ಗಾಡಿ ಓಡಿಸ್ರೀ."

ಪಾಳು ಪಟ್ಟಣದ ಗೋಡೆಗಳು ಸೊಂಟದೆತ್ತರಕ್ಕೂ ಇರಲಿಲ್ಲ. "ಸೂರೇ ಇಲ್ವಲ್ಲೇ," ಎಂದು ಗಂಡ ರಾಗ ಎಳೆದ. ಅವಳು ಹೊಸ್ತಿಲುಗಳನ್ನು ದಾಟುತ್ತಾ ಹೋದಳು. ಒಂದು ಮನೆಯ ಕಲ್ಲು ನೆಲದಲ್ಲಿ ಸಾಲಾಗಿ ಗುಳಿಗಳಿದ್ದವು. ಚೂಪು ತಳದ ಮಡಕೆಗಳು ಕೂರುತ್ತಿದ್ದ ಜಾಗ! ಅಡುಗೆಮನೆಯಲ್ಲಿ ನಿಂತಿದ್ದೇನೆಂದು ಹೊಳೆದದ್ದೇ ತಡ, ಬಗ್ಗಿ ಗುಳಿಯೊಳಗೆ ಅಂಗೈ ಇಟ್ಟಳು.

ಸೀಟಿ ಕೂಗಿತು. "ಯಾರಮ್ಮಾ ಅದು? ಮುಟ್ಬಾರದು ಅಂತ ಬೋರ್ಡ್ ಹಾಕಿರೋದು ಕಾಣ್ಸಲ್ವಾ?"

ಗಂಡ ನಕ್ಕು ನಕ್ಕು ಗೋಡೆಯ ಮೇಲೆ ಕುಸಿದು ಕೂತ. ಅವನಿಗೂ ಒಂದು ಸೀಟಿ ಬಿತ್ತು.

"ಅವಳೂ ಮ್ಯೂಸಿಯಂ ಕಾವಲಿನವಳೇ ಕಣಯ್ಯಾ," ಎಂದ ಗಂಡ.

"ಹಾಗಾದ್ರೆ ಇನ್ನೂ ದೊಡ್ಡ ತಪ್ಪು," ಎಂದ ಪಾಳು ಪಟ್ಟಣದ ಕಾವಲುಗಾರ. ಹತ್ತಿರ ಬಂದಾಗ ದನಿ ಇಳಿಯಿತು. "ಯಾವ ಕೋಣೆ ಅಕ್ಕಾ? ನಮ್ಮ ಮಡಕೆಗಳು ಇರೋದಾ? ನಾನು ನೋಡೇ ಇಲ್ಲ. ನಿಮಗೆ ರಜೆ ಇದ್ದಾಗಲೇ ನನಗೂ ರಜೆ."

ಅವಳು ಅವನ ಮುಖ ನೋಡಿದಳು. "ಅಯ್ಯೋ ಮಾರಾಯಾ! ನಾಳೆ ಬಾ. ನಾನೇ ತೋರಿಸ್ತೀನಿ. ಕೈ ಮಾತ್ರ ಜೇಬಲ್ಲಿರಲಿ."

ಮರುದಿನ ಬೆಳಿಗ್ಗೆ ಪಾಳು ಪಟ್ಟಣಕ್ಕೆ ಬೇಲಿ ಬಿತ್ತು. ಹತ್ತು ಗಂಟೆಗೆ ಅಲ್ಲಿನ ಕಾವಲುಗಾರ ಹೆಂಡತಿಯನ್ನೂ ನಾದಿನಿಯನ್ನೂ ಕರೆದುಕೊಂಡು ಮ್ಯೂಸಿಯಂನ ಟಿಕೆಟ್ ಸಾಲಿನಲ್ಲಿ ನಿಂತಿದ್ದ.