ಅದಲುಬದಲಾದ ಕರಡಿಗೆ

ಕಾಶಿಯಿಂದ ಹಿಂದಿರುಗುವಾಗ ಎರಡು ದಿನ ಬಸವಕಲ್ಯಾಣದಲ್ಲಿ ಉಳಿದು ದಣಿವಾರಿಸಿಕೊಳ್ಳಬೇಕೆಂಬುದು ಅವ್ವನ ಆಸೆಯಾಗಿತ್ತು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಒಪ್ಪಲಿಲ್ಲ. ಹೈದರಾಬಾದಿನ ಬಸ್ಸು ಹುಮನಾಬಾದ್ ತಲುಪಿದೊಡನೆ, "ನನ್ನ ಊರು ಬಂತು, ನೀವು ಹೋಗ್ರಿ" ಎಂದು ಇಳಿದುಬಿಟ್ಟಳು.

ನಾವಿಬ್ಬರೇ ಕಲ್ಯಾಣದಲ್ಲಿ ಕೋಣೆ ಹಿಡಿದೆವು. ಕಿಟಕಿಯಿಂದ ಕೆರೆ ಕಾಣುತ್ತಿತ್ತೆಂದು ನನ್ನ ನೆನಪು. ಈಚೆಗೆ ಹೋಗಿ ನೋಡಿದರೆ ಅಲ್ಲಿನ ಕಿಟಕಿಗಳೆಲ್ಲ ರಸ್ತೆಯ ಕಡೆಗಿವೆ. ಒಳ್ಳೆಯ ಗಾಳಿ ಬರುತ್ತಿತ್ತು, ಅಷ್ಟನ್ನು ನಂಬಬಹುದು.

ಅವ್ವ ಸ್ನಾನ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟಕ್ಕೆ ಮುಂಚಿನ ಲಿಂಗಪೂಜೆಗೆ ಕೂತಳು. ಖಾನಾವಳಿಯಿಂದ ತಂದ ರೊಟ್ಟಿ, ಪುಂಡಿಪಲ್ಯ ಎದುರಿಗಿದ್ದವು. ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ ತೆರೆದವಳು ಹಾಗೇ ಮುಚ್ಚಿದಳು.

"ಇದು ನಂದಲ್ಲ. ನನ್ನ ಲಿಂಗ ಒಂದ್ ಮಗ್ಗಲ ಸವದದ. ಇದು ಅಕ್ಕಂದು."

ಅಕ್ಕತಂಗಿಯರು ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ನಮೂನೆಯ ಕರಡಿಗೆಗಳು. ಆ ಬೆಳಿಗ್ಗೆ ಹೈದರಾಬಾದಿನಲ್ಲಿ ಪೂಜೆ ಮುಗಿದ ಮೇಲೆ ಎರಡಕ್ಕೂ ಹೊಸ ಶಿವದಾರ ಕಟ್ಟಿದ್ದರು. ಅಲ್ಲೇ ಅದಲುಬದಲಾಗಿರಬೇಕು. ನಾನು ದೊಡ್ಡವ್ವನಿಗೆ ಫೋನ್ ಮಾಡಿದೆ. ಅವಳಿನ್ನೂ ಕರಡಿಗೆ ತೆರೆದಿರಲಿಲ್ಲ. ತೆರೆದು ನೋಡಿ, "ಅಲ್ಲೇ ಕುಂದರ್ರಿ, ಬರಾಕತ್ತೇನಿ" ಎಂದಳು.

ಮಾತ್ರೆ ಹೊಟ್ಟೆ ಸೇರಿಯಾಗಿತ್ತು, ಊಟವಿಲ್ಲದೆ ಮೈಯ ಸಕ್ಕರೆ ಇಳಿಯುತ್ತಿತ್ತು. ಅವ್ವನ ಕೈ ನಡುಗತೊಡಗಿತು, ಹಣೆ ಬೆವರಿತು. ನಾನು ಸಕ್ಕರೆ ಹಿಡಿದು ಗೋಗರೆದೆ.

"ಲಿಂಗಕ್ಕ ತೋರಿಸಲಾರ್ದ ಬಾಯಾಗ ಹ್ಯಾಂಗ ಹಾಕ್ಕೊಳ್ಲಿ?"

"ದೊಡ್ಡವ್ವನ ಲಿಂಗಕ್ಕೇ ತೋರಿಸವ್ವ."

"ಹುಚ್ಚಿ, ಅದು ಗುರುಗಳು ಅಕಿಗಿ ಕೊಟ್ಟದ್ದು. ನನಗೇನ್ ಆಗಲ್ಲ, ನೀ ಸುಮ್ನ ಕುಂದ್ರು."

ನಾನು ಬೈದೆನೋ, ಅತ್ತೆನೋ ಈಗ ಹೇಳಲಾರೆ. ಅತ್ತೆನೆಂದು ಅವ್ವ ಹೇಳುತ್ತಾಳೆ. ಅವಳನ್ನು ಎತ್ತಿಕೊಂಡಾದರೂ ಆಸ್ಪತ್ರೆಗೆ ಹೋಗುವುದೆಂದು ಆಟೋ ಕರೆಯಲು ಹೊರಟಾಗ ಮೆಟ್ಟಿಲ ಮೇಲೆ ದೊಡ್ಡವ್ವನ ಏದುಸಿರು ಕೇಳಿಸಿತು.

"ಕಾಶೀತನಾ ಹೋಗಿ ಬಂದಾಕಿ, ಸ್ವಂತ ಲಿಂಗದ ಗುರ್ತ ಇಲ್ಲೇನ ನಿನಗ?"

"ದಾರ ಕಟ್ಟಿದಾಕಿ ನೀನು!"

"ನೀನ ಕಟ್ಟೀದಿ!"

ದಾರ ಕಟ್ಟುವಾಗ ನಾನು ಅದೇ ಕೋಣೆಯಲ್ಲಿದ್ದೆ. ಆದರೂ ಯಾರ ಕೈಯಲ್ಲಿ ದಾರವಿತ್ತೆಂದು ನೆನಪಿಸಿಕೊಳ್ಳಹೋದರೆ, ಆಗ ಮಾತಾಡುತ್ತಿರುವವಳ ಎದುರಾಳಿಯ ಕೈಯೇ ಕಾಣುತ್ತದೆ.

ಇಬ್ಬರೂ ಗೋಡೆಯತ್ತ ತಿರುಗಿ ಲಿಂಗ ಬದಲಿಸಿಕೊಂಡು ಪೂಜೆ ಮಾಡಿದರು. ಅಂದಿನಷ್ಟು ಉದ್ದನೆಯ ಪೂಜೆಯನ್ನು ನಾನು ಕಂಡಿಲ್ಲ. ಬಹುಶಃ ಎಂದಿನಷ್ಟೇ ಇತ್ತೇನೋ. ಕೊನೆಗೆ ಅವ್ವ ಸಕ್ಕರೆಯನ್ನು ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡಳು. ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಕೈ ನಡುಕ ನಿಂತಿತು.

ದೊಡ್ಡವ್ವ ಬಸ್ಸಿನ ಹೊತ್ತು ಕೇಳಿದಳು. ಅವ್ವ ಮಂಚದಲ್ಲಿ ಸರಿದು ಜಾಗ ಬಿಟ್ಟಳು. ಅಂದು ಸಂಜೆ ಮೂವರೂ ಕೆರೆಯ ಕಡೆ ನಿಧಾನಕ್ಕೆ ನಡೆದು ಹೋಗಿ ಚಹಾ ಕುಡಿದೆವು. ದೊಡ್ಡವ್ವ ಎರಡೂ ದಿನ ಉಳಿದಳು. ಪ್ರತಿ ಊಟಕ್ಕೂ ಮುಂಚೆ, "ನಿಂದ ಹೌದಿಲ್ಲೋ ನೋಡ್ಕೋ" ಎಂದು ಒಬ್ಬರನ್ನೊಬ್ಬರು ಕೆಣಕಿದ ಮೇಲೆಯೇ ಕರಡಿಗೆ ತೆರೆಯುತ್ತಿದ್ದರು.