ಜೇಬಿನ ಚಾಕು, ದಿಂಬಿನ ಚಾಕು

ಜೇಬಿನಲ್ಲಿ ಮಡಿಸುವ ಚಾಕು ಇಲ್ಲದ ಗಂಡಸು ದಿನವಿಡೀ ಪರರ ಮುಂದೆ ಕೈಯೊಡ್ಡುತ್ತಲೇ ಇರಬೇಕು. ಪೆನ್ಸಿಲ್ಲಿನ ಮೊನೆ ಮುರಿದರೆ ಪಕ್ಕದವರನ್ನು ಕೇಳಬೇಕು. ಪೊಟ್ಟಣದ ದಾರ ಗಂಟುಬಿದ್ದರೆ ಹಲ್ಲಿನಿಂದ ಕಡಿಯಬೇಕು. ಗಟ್ಟಿ ಸೀಬೆಕಾಯಿಯನ್ನು ಬಾಗಿಲ ಸಂದಿಗಿಟ್ಟು ಒಡೆದ ಅವಮಾನವನ್ನೂ ನಾನು ಅನುಭವಿಸಿದ್ದೇನೆ. ನನ್ನ ಹಲ್ಲುಗಳು ಮೊದಲಿನಿಂದಲೂ ಸಜ್ಜನರು, ಯಾವುದನ್ನೂ ನೋಯಿಸಿದವಲ್ಲ.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹತ್ತಿರದ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ನನ್ನ ಎದುರಿನ ಮೇಜು ಶಾಮಣ್ಣನವರದು. ಕೆಂಗೇರಿಯ ಒಕ್ಕಲು ಮನೆತನದವರು, ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅವರ ಬಳಿ ಮರದ ಹಿಡಿಯ, ಅಲಗು ಮಸಿಯಂತೆ ಕಪ್ಪಾದ ಹಳೆಯ ಚಾಕು ಒಂದಿತ್ತು. ಕಚೇರಿಯ ಪೆನ್ಸಿಲ್ಲುಗಳೆಲ್ಲ ಅದರ ಆಶ್ರಯದಲ್ಲಿದ್ದವು. "ಸ್ವಾಮಿ, ನೀವೂ ಒಂದು ತಗೊಂಡ್ಬಿಡಿ. ಎಷ್ಟು ದಿವಸ ಅಂತ ನನ್ನೇ ಕೇಳ್ತೀರಿ?" ಎಂದು ಒಂದು ದಿನ ಅವರೇ ನಗುತ್ತ ಹೇಳಿದರು.

ಕೊಳ್ಳಬೇಕೆಂದು ಹೊರಟ ಮೇಲೆ ತಿಳಿಯಿತು, ಚಾಕುವಿನ ಆಯ್ಕೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ ಎಂದು. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಾದರೂ ಸಿಗುತ್ತದೆ. ಪೇಟೆಯ ಅಂಗಡಿಯವನು ನನ್ನ ಮುಂದೆ ಹರಡಿದ ಚಾಕುಗಳಲ್ಲಿ ಒಂದಕ್ಕೆ ಬಿರಡೆ ಕೀಳುವ ತಿರುಪಿತ್ತು. ನಮ್ಮ ಮನೆಯಲ್ಲಿ ಬಿರಡೆಯಿರುವ ಸೀಸೆಯೆಂದರೆ ಹರಳೆಣ್ಣೆಯದು, ಅದಕ್ಕೂ ಚಿಂದಿ ಬಟ್ಟೆಯ ಬಿರಡೆ. ಇನ್ನೊಂದಕ್ಕೆ ಕಿವಿಗುಗ್ಗೆ ತೆಗೆಯುವ ಕಡ್ಡಿಯಿತ್ತು. ಅದನ್ನು ಕಂಡು ಮನಸ್ಸು ಸ್ವಲ್ಪ ಮೆತ್ತಗಾಯಿತು, ಬೆಲೆ ಕೇಳಿದ ಮೇಲೆ ಮತ್ತೆ ಗಟ್ಟಿಯಾಯಿತು. ಶಾಮಣ್ಣನವರು ಹೇಳಿಕೊಟ್ಟಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಅಲಗು ತೆರೆದಾಗ ಅಲುಗಾಡಬಾರದು, ಮುಚ್ಚುವಾಗ ಟಕ್ ಎನ್ನಬೇಕು, ಉಗುರು ಸಿಕ್ಕಿಸುವ ಗೀರು ಆಳವಾಗಿರಬೇಕು. ಕೊನೆಗೆ ನನ್ನ ಸಂಬಳಕ್ಕೆ ನಿಲುಕುವ ಒಂದು ಸಿಕ್ಕಿತು. ಬಿಳಿಯ ಹಿಡಿ, ಮುಖ ಕಾಣುವಂತಹ ಅಲಗು. "ಜನ್ಮದಲ್ಲೇ ತುಕ್ಕು ಹಿಡಿಯಲ್ಲ ಸಾರ್" ಎಂದು ಅಂಗಡಿಯವನು ಭರವಸೆ ಕೊಟ್ಟ. ಮನೆಗೆ ಬರುವಾಗ ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ.

ವೀರಗಲ್ಲುಗಳನ್ನು ನೀವು ನೋಡಿರಬಹುದು. ನಡುವಿನಲ್ಲಿ ಬಾಕು ಇಲ್ಲದ ವೀರನೇ ಇಲ್ಲ. ಅವನ ಎದುರಿಗೆ ಹುಲಿಯೋ ತುರುಗಳ್ಳರೋ ಇದ್ದರು, ನನ್ನ ಎದುರಿಗಿದ್ದುದು ಪೆನ್ಸಿಲ್ಲು, ಅಷ್ಟೇ ವ್ಯತ್ಯಾಸ. ನಮ್ಮ ಕಡೆ ಮದುವಣಿಗನ ಕೈಗೂ ನಿಂಬೆಹಣ್ಣು ಚುಚ್ಚಿದ ಚೂರಿ ಕೊಡುತ್ತಾರೆ. ಕಬ್ಬಿಣ ಜೊತೆಗಿದ್ದರೆ ಗಾಳಿ, ದೃಷ್ಟಿ ಯಾವುದೂ ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆ. ನನಗೆ ಇಂಥವುಗಳಲ್ಲಿ ವಿಶ್ವಾಸವಿರಲಿಲ್ಲ. ಗ್ರಹಣದ ದಿನ ಅಮ್ಮನ ಮುಂದೆ ಕಿತ್ತಳೆ ನಿಂಬೆಹಣ್ಣುಗಳನ್ನು ಇಟ್ಟು ಸೂರ್ಯ ಚಂದ್ರರನ್ನು ವಿವರಿಸಿದವನು ನಾನು. ಅಮ್ಮ ಪೂರ್ತಿ ಕೇಳಿಸಿಕೊಂಡು, ನಿಂಬೆಹಣ್ಣನ್ನು ಉಪ್ಪಿನಕಾಯಿಗೆ ಎತ್ತಿಟ್ಟಿದ್ದರು.

ಆಗ ನನ್ನ ಹೆಂಡತಿ ರತ್ನಳಿಗೆ ಏಳನೆಯ ತಿಂಗಳು. ಇದು ಎರಡನೆಯ ಬಸಿರು. ಮೊದಲ ಮಗು ಆಸ್ಪತ್ರೆಯಲ್ಲಿ ಹುಟ್ಟಿ ಒಂದು ವಾರವೂ ಉಳಿದಿರಲಿಲ್ಲ. ಅವಳು ಅದರ ಮಾತೆತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ. ಆದರೆ ದಿನ ತುಂಬುತ್ತ ಬಂದಂತೆ ಅವಳಿಗೆ ನಿದ್ದೆ ಹಾರಿಹೋಯಿತು. ಕಣ್ಣ ಕೆಳಗೆ ಕಪ್ಪು ಇಳಿಯಿತು, ಅನ್ನ ಸೇರದಾಯಿತು. ಹೀಗೇ ಆದರೆ ತಾಯಿಗೂ ಕಷ್ಟ ಮಗುವಿಗೂ ಕಷ್ಟ ಎಂದು ಡಾಕ್ಟರಮ್ಮ ಗದರಿಸಿದ್ದರು. ನಾನು ಎಷ್ಟು ಸಮಾಧಾನ ಹೇಳಿದರೂ ಅದು ಅವಳ ಕಿವಿಯಾಚೆಗೆ ಹೋಗುತ್ತಿರಲಿಲ್ಲ.

ಹೊಸ ಚಾಕುವನ್ನು ನಾನು ಜಂಬದಿಂದ ತೆರೆದು ಮುಚ್ಚಿ ತೋರಿಸಿದಾಗ ರತ್ನ ಅದನ್ನೇ ನೋಡುತ್ತಿದ್ದಳು. "ಇದು ಮುಷ್ಟೀಲಿ ಹಿಡಿಸುತ್ತೆ ಅಲ್ವಾ?" ಎಂದಳು. "ಹೋದ್ಸಲ ಅತ್ತೆ ಕುಡುಗೋಲು ತಂದಿದ್ರು. ಆಸ್ಪತ್ರೇಲಿ ಒಳಗೇ ಬಿಡ್ಲಿಲ್ಲ. ದಿಂಬಿನ ಕೆಳಗೆ ಏನೂ ಇರ್ಲಿಲ್ಲ. ಇದಾದ್ರೆ ದಿಂಬಿನ ಚೀಲದೊಳಗೇ ಇಟ್ಕೋಬಹುದು, ಯಾರಿಗೂ ಕಾಣಲ್ಲ."

ಅವಳ ನಿದ್ದೆಯನ್ನು ತಿಂದದ್ದು ಏನೆಂದು ನನಗೆ ಆಗ ತಿಳಿಯಿತು. ಚಾಕುವನ್ನು ಅವಳ ಮಡಿಲಲ್ಲಿಟ್ಟೆ.

ತಡೆದವರು ಅಮ್ಮ. ಚಾಕುವನ್ನು ಅಡುಗೆಮನೆಗೆ ಒಯ್ದು ಒಂದು ನಿಂಬೆಹಣ್ಣು ಹೆಚ್ಚಿ, ಅಲಗನ್ನು ಒರೆಸದೆ ಹಾಗೇ ಕಿಟಕಿಯಲ್ಲಿಟ್ಟರು. ಊಟ ಮುಗಿದ ಮೇಲೆ ಬಂದು ನೋಡಿದರೆ ಅದು ಇನ್ನೂ ಫಳಫಳ ಹೊಳೆಯುತ್ತಿತ್ತು.

"ಇದು ಕಬ್ಬಿಣವೇ ಅಲ್ಲ ಕಣೋ," ಎಂದರು ಅಮ್ಮ. "ನಿಂಬೆಹುಳಿ ತಾಗಿದ್ರೂ ಕಪ್ಪಾಗ್ಲಿಲ್ಲ. ನಮ್ಮ ಈಳಿಗೆಮಣೇಲಿ ಬಾಳೇಕಾಯಿ ಹೆಚ್ಚಿದ್ರೆ ಕೈಯೆಲ್ಲ ಕಪ್ಪಾಗುತ್ತೆ, ಅದು ಕಬ್ಬಿಣ. ಇದನ್ನ ನೀನೇ ಇಟ್ಕೋ."

ಇದೂ ಉಕ್ಕು, ಉಕ್ಕಿನೊಳಗೆ ಇರುವುದು ಕಬ್ಬಿಣವೇ ಎಂದು ನಾನು ವಿವರಿಸಲು ಹೊರಟೆ. ರತ್ನಳ ಮುಖ ನೋಡಿ ನಿಲ್ಲಿಸಿದೆ. ಅಂಗಡಿಯವನು ಯಾವ ಗುಣವನ್ನು ಹೊಗಳಿ ಮಾರಿದ್ದನೋ ಅದೇ ಅದರ ದೋಷವಾಗಿತ್ತು. ತುಕ್ಕು ಹಿಡಿಯದ ಚಾಕು ಅವಳಿಗೆ ನಿದ್ದೆ ತರಲಾರದು.

ಮರುದಿನ ಶಾಮಣ್ಣನವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ನಗುತ್ತಾರೇನೋ ಎಂದುಕೊಂಡಿದ್ದೆ, ಅವರು ನಗಲಿಲ್ಲ. ಜೇಬಿನಿಂದ ತಮ್ಮ ಕರಿ ಚಾಕುವನ್ನು ತೆಗೆದು, ಪಂಚೆಯ ತುದಿಯಿಂದ ಒರೆಸಿ ಮೇಜಿನ ಮೇಲಿಟ್ಟರು.

"ನಮ್ಮನೇಲಿ ಮೂರು ಬಾಣಂತನ ನೋಡಿರೋ ಚಾಕು ಸ್ವಾಮಿ ಇದು. ಮೂರು ಮಕ್ಳೂ ಗುಂಡುಕಲ್ಲಿನ ಹಾಗಿದಾವೆ. ತಗೊಂಡ್ಹೋಗಿ ಅಮ್ಮಾವ್ರಿಗೆ ಕೊಡಿ."

"ನಿಮಗೆ?" ಎಂದೆ.

"ನೀವು ತಂದಿದೀರಲ್ಲ ಹೊಸದು. ಪೆನ್ಸಿಲ್ ಕೆತ್ತೋಕೆ ನಾನು ಅದನ್ನ ಕೇಳ್ತೀನಿ ಬಿಡಿ."

ಆ ಚಾಕುವಿಗೆ ನಿಂಬೆಹಣ್ಣಿನ ಪರೀಕ್ಷೆ ಬೇಕಾಗಲೇ ಇಲ್ಲ. ಅಮ್ಮ ಒಮ್ಮೆ ನೋಡಿ ತಲೆಯಾಡಿಸಿದರು. ಮೂರು ಮಕ್ಕಳ ಸುದ್ದಿಯನ್ನು ರತ್ನ ನನ್ನಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದಳು. ಅಂದು ರಾತ್ರಿ ದಿಂಬಿನ ಕೆಳಗೆ ಕೈಯಿಟ್ಟುಕೊಂಡು ಮಲಗಿದವಳು ಬೆಳಗ್ಗೆ ಹಾಲಿನವನು ಕೂಗಿದರೂ ಏಳಲಿಲ್ಲ. ನಾನೇ ಹಾಲು ಹಾಕಿಸಿಕೊಂಡು, ಸದ್ದು ಮಾಡದೆ ಬಾಗಿಲು ಮುಂದೆ ಮಾಡಿದೆ.

ಹೆರಿಗೆ ಅದೇ ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು. ನಾನು ನೋಡಲು ಹೋದಾಗ ರತ್ನ ಪಿಸುದನಿಯಲ್ಲಿ ಹೇಳಿದಳು: "ದಿಂಬು ಸರಿ ಮಾಡೋವಾಗ ನರ್ಸಮ್ಮನ ಕೈಗೆ ಸಿಕ್ಬಿಡ್ತು ಕಣ್ರೀ. ನನ್ನ ಎದೆ ಧಸಕ್ ಅಂತು. ಅವರು ನನ್ನ ಮುಖ ನೋಡಿದ್ರು, ಮಗೂನ ನೋಡಿದ್ರು, ದಿಂಬು ತಟ್ಟಿ ಹಾಗೇ ಇಟ್ಟು ಹೋದ್ರು." ಆ ನರ್ಸಮ್ಮನ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ.

ಕೂಸು ಮೊದಲ ವಾರ ದಾಟಿತು, ತಿಂಗಳು ದಾಟಿತು, ಕೆನ್ನೆ ತುಂಬಿಕೊಂಡು ಮಗುಚಿಕೊಳ್ಳುವುದನ್ನೂ ಕಲಿಯಿತು. ಒಂದು ಬೆಳಗ್ಗೆ ರತ್ನಳೇ ಚಾಕುವನ್ನು ತಂದು ನನ್ನ ಊಟದ ಡಬ್ಬಿಯ ಪಕ್ಕ ಇಟ್ಟಳು. "ಪಾಪ, ಅವರದು ಅವರಿಗೆ ಕೊಟ್ಬಿಡಿ. ಇನ್ನು ಹೆದರಿಕೆ ಇಲ್ಲ" ಎಂದಳು. ನನಗೂ ಹಾಯೆನಿಸಿತು. ಕಚೇರಿಗೆ ಹೋದವನೇ ಉಪಕಾರ ಸ್ಮರಣೆಯ ನಾಲ್ಕು ಮಾತಾಡಿ ಅದನ್ನು ಶಾಮಣ್ಣನವರ ಮೇಜಿನ ಮೇಲಿಟ್ಟೆ.

ಆಮೇಲೆ ಕೂಡಿದ ಲೆಕ್ಕ ಒಂದೂ ಸರಿಬರಲಿಲ್ಲ. ಮಗು ಈಗ ಮಲಗಿರುತ್ತದೆ, ಅದರ ತಲೆದೆಸೆಯಲ್ಲಿ ಏನೂ ಇಲ್ಲ ಎಂಬುದು ಬಿಟ್ಟರೆ ಬೇರೆ ಏನೂ ತಲೆಗೆ ಹೋಗಲಿಲ್ಲ. ಸೂರ್ಯ ಚಂದ್ರರ ನೆರಳನ್ನು ವಿವರಿಸಿದ್ದ ನಾನು ಊಟದ ಹೊತ್ತಿನ ತನಕ ಹೇಗೋ ತಡೆದುಕೊಂಡೆ. ಆಮೇಲೆ ಎದ್ದು, ಸುಮ್ಮನೆ ಒಂದು ಪೆನ್ಸಿಲ್ಲು ಹಿಡಿದು, ಶಾಮಣ್ಣನವರ ಮೇಜಿನ ಬಳಿ ನಿಂತೆ. ಅವರು ಪೆನ್ಸಿಲ್ಲಿನ ಕಡೆ ನೋಡಲೇ ಇಲ್ಲ.

"ಚೊಚ್ಚಲು ಮಗ ಹುಟ್ಟಿದಾಗ ನಾನೂ ಇದನ್ನ ನಮ್ಮಪ್ಪನಿಗೆ ವಾಪಸ್ ಕೊಟ್ಟು, ಸಂಜೆಗೇ ಇಸ್ಕೊಂಡಿದ್ದೆ" ಎನ್ನುತ್ತ ಅವರು ಜೇಬಿಗೆ ಕೈ ಹಾಕಿದರು. "ಮಗಳು ಎದ್ದು ಓಡಾಡೋ ತನಕ ಇಟ್ಕೊಳ್ಳಿ ಸ್ವಾಮಿ."

ಸಂಜೆ ಮನೆಗೆ ಬಂದಾಗ ರತ್ನ ಮಗುವನ್ನು ಸೊಂಟಕ್ಕೆ ಅವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, "ಕೊಟ್ಟು ಬಂದ್ರಾ?" ಎಂದಳು. ದನಿ ಏನೂ ಆಗದವರ ದನಿಯಂತಿತ್ತು, ಕಣ್ಣು ಮಾತ್ರ ನನ್ನ ಜೇಬಿನ ಮೇಲಿತ್ತು. ನಾನು ಚಾಕುವನ್ನು ತೆಗೆದು ತೋರಿಸಿದೆ.

"ಸದ್ಯ!" ಎಂದಳು.