ಹೊಟ್ಟೆಯಲ್ಲಿ ನಾಲ್ಕಾಣೆ

ನನ್ನ ಮಗ ಮೂರು ವರ್ಷದವನಿದ್ದಾಗ ನಾಲ್ಕಾಣೆ ನುಂಗಿದ. ಪೆಪ್ಪರಮೆಂಟಿಗೆಂದು ಅವನಜ್ಜ ಕೊಟ್ಟಿದ್ದ ನಾಣ್ಯ. ಮೈಮೇಲೆ ಅಂಗಿ ಬಿಟ್ಟರೆ ಬೇರೇನೂ ಇಲ್ಲದ ಹುಡುಗ ದುಡ್ಡು ಇಡುವುದಾದರೂ ಎಲ್ಲಿ? ಬಾಯಲ್ಲಿಟ್ಟುಕೊಂಡು ಅಂಗಡಿಗೆ ಹೊರಟ, ಹೊಸ್ತಿಲು ಎಡವಿದ, ದುಡ್ಡು ಒಳಗೆ ಹೋಯಿತು. "ಯವ್ವಾ, ನುಂಗೇನಿ" ಎಂದು ಬಂದು ಹೇಳಿದಾಗ ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ಪೆಪ್ಪರಮೆಂಟು ತಪ್ಪಿತಲ್ಲ ಎಂಬ ದುಃಖವಿತ್ತು. ಗಾಬರಿಯ ಗುತ್ತಿಗೆಯನ್ನು ನಾವು ಹಿಡಿದೆವು.

ಇದು ಎಂಬತ್ತರ ದಶಕದ ಮಾತು. ಯರಗುಪ್ಪಿ ಬಾಜುವಿನ ಆ ಊರಿಗೆ ನಾನು ಸೊಸೆಯಾಗಿ ಬಂದು ಬಹಳ ವರ್ಷಗಳಾಗಿರಲಿಲ್ಲ. ಅತ್ತೆಗೆ ನನ್ನ ರೊಟ್ಟಿ ದಪ್ಪ, ನನ್ನ ನಡಿಗೆ ಜೋರು, ನನ್ನ ಮಾತು ಉದ್ದ. ಕೂಸು ಶ್ಯಾಣೆತನ ಮಾಡಿದರೆ ಅವರ ಮೊಮ್ಮಗ, ಕಿತಾಪತಿ ಮಾಡಿದರೆ ನನ್ನ ಮಗ. ಆವತ್ತು ಅವನು ಪೂರ್ತಿ ನನ್ನವನೇ ಆಗಿದ್ದ.

"ನಿನ್ನ ಮಗನ್ನ ನೋಡ್ಕೊಳ್ಳಾಕ ಬರೂದಿಲ್ಲೇನ್ ಬೇ?" ಎನ್ನುತ್ತಲೇ ಅತ್ತೆ ಅವನ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಗುದ್ದಿದರು. ದುಡ್ಡು ಬೀಳಲಿಲ್ಲ, ತಿಂದ ರೊಟ್ಟಿ ಬಿತ್ತು. ಓಣಿಯವರು ಒಬ್ಬರು ಬಾಳೆಹಣ್ಣು ತಿನ್ನಿಸೆಂದರು, ಇನ್ನೊಬ್ಬರು ಔಡಲೆಣ್ಣೆ ಕುಡಿಸೆಂದರು. ನನ್ನ ಗಂಡ ಹುಬ್ಬಳ್ಳಿಗೆ ಹೋಗೂಣು ಎಂದರು. ಹೊರಡುವಾಗ ಅತ್ತೆ ಕೂಸನ್ನು ದೇವರ ಕೋಣೆಗೆ ಒಯ್ದು, ಚಡ್ಡಿ ತೊಡಿಸಿಕೊಂಡು ಹೊರಗೆ ಬಂದರು, ತಾವೂ ನಮ್ಮ ಸಂಗಡ ಬಸ್ಸು ಹತ್ತಿದರು. ಒಳಗೇನು ಮಾಡಿದರೋ ನಾನು ಕೇಳಲಿಲ್ಲ. ಅತ್ತೆಯನ್ನು ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಇನ್ನೂ ಹರೆಯದವರು. ಕೂಸಿನ ಅಂಗಿ ಬಿಚ್ಚಿಸಿ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಒಂದ್ ನುಂಗ್ಯಾನ ಅಂದ್ರಿ. ಇಲ್ಲಿ ಎರಡ ಅದಾವಲ್ರಿ. ಒಂದಕ್ಕ ನಡುವ ತೂತೈತಿ."

ನನ್ನ ಗಂಡ ಮಗನನ್ನು ವಿಚಾರಣೆಗೆ ನಿಲ್ಲಿಸಿದರು.

"ಎಷ್ಟ್ ನುಂಗಿದ್ಯೋ?"

"ಎರಡ."

"ಮತ್ತೇನ್ ನುಂಗಿದಿ?"

"ಪೆಪ್ಪರಮೆಂಟ."

"ಮತ್ತ?"

"ಎಮ್ಮಿ."

"ಆಪರೇಶನ್ ಮಾಡಬೇಕೇನ್ರಿ?" ಎಂದು ನಾನು ಕೇಳಿದೆ. ಆ ಎಳೆಯ ಹೊಟ್ಟೆಯ ಮೇಲೆ ಕತ್ತರಿ ಆಡುವುದೇ ಕಣ್ಣಿಗೆ ಕಟ್ಟಿತ್ತು. ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಕೂಸಿನ ಹತ್ತಿರ ಬಂದರು. ಬೆಳೆಯುವ ಹುಡುಗನೆಂದು ದೊಡ್ಡದಾಗಿ ಹೊಲಿಸಿ, ಎದೆಯವರೆಗೆ ಏರಿಸಿದ್ದ ಚಡ್ಡಿಯನ್ನು ಮೆಲ್ಲಗೆ ಕೆಳಗೆಳೆದರು. ಹೊಕ್ಕುಳ ಬಾಜುವಿಗೆ, ಉಡದಾರಕ್ಕೆ ಕಟ್ಟಿದ ಹಳೇ ತೂತಿನ ಕಾಸು ಕುಂಕುಮ ಹಚ್ಚಿಕೊಂಡು ಕೂತಿತ್ತು.

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅವರೇನು ಸೋಲುವವರೇ?

"ಬಸ್ಸಿನ್ಯಾಗ ಎಂತೆಂಥಾವ್ರ ಕಣ್ಣ ಇರ್ತಾವು, ದೃಷ್ಟಿ ಆಗಬಾರದಂತ ಕಟ್ಟೀನಿ. ಹೊಟ್ಟಿ ಒಳಗಿನ ಫೋಟೋ ತಗೀತೀನಂದು ಹೊರಗಿಂದೂ ತಗದ್ರ ಅದು ನನ್ನ ತಪ್ಪೇನ್ ಯಪ್ಪಾ?"

ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು.

ಕಾಸು ಬಿಚ್ಚಿಸಿ ಮತ್ತೊಮ್ಮೆ ತೆಗೆಸಿದಾಗ ಉಳಿದದ್ದು ನಮ್ಮ ನಾಲ್ಕಾಣೆ ಒಂದೇ. "ಅನ್ನನಾಳದಾಗ ಸಿಕ್ಕಿದ್ರ ಮಂಪರ ಕೊಟ್ಟು, ನಳಿಗಿ ಇಳಿಸಿ ತಗೀಬೇಕಾಗ್ತಿತ್ತು" ಎಂದರು ಡಾಕ್ಟರು. "ಇದು ಹೊಟ್ಟಿಗೆ ಇಳದೈತಿ, ತಾನಾಗೇ ಹೊರಗ ಬರತೈತಿ. ದಿನದಂಗ ಊಟಾ ಹಾಕ್ರಿ. ಔಡಲೆಣ್ಣಿ ಬ್ಯಾಡ, ವಾಂತಿ ಮಾಡ್ಸೂದು ಬ್ಯಾಡ, ತಲಿಕೆಳಗ ಅಂತೂ ಹಿಡೀಲೇ ಬ್ಯಾಡ್ರಿ. ಹೊಟ್ಟಿ ನೋವು, ವಾಂತಿ, ರಕ್ತ ಕಂಡ್ರ ಓಡಿ ಬರ್ರಿ. ದಿನಾ ಸಂಡಾಸ ನೋಡ್ರಿ. ಬರೂ ಸಂತಿ ತನಕಾ ಬೀಳ್ಲಿಲ್ಲಂದ್ರ ಮತ್ತ ಕರ್ಕೊಂಡ್ ಬರ್ರಿ, ತಗ್ಯೂದರ ವಿಚಾರ ಮಾಡೂಣು."

"ಸೂಜಿ?" ಎಂದರು ಅತ್ತೆ.

"ಬ್ಯಾಡ್ರಿ."

"ಗುಳಿಗಿನಾರ?"

"ಅದೂ ಬ್ಯಾಡ್ರಿ."

ಸೂಜಿ ಚುಚ್ಚದವನೂ ಒಬ್ಬ ಡಾಕ್ಟರನೇ ಎಂದು ಅತ್ತೆ ಬಸ್ಸಿನಲ್ಲಿ ಊರು ಮುಟ್ಟುವತನಕ ಬೈದರು.

ಮರುದಿನ ನೋಡುವ ಕೆಲಸಕ್ಕೆ ನಾನು ಸೆರಗು ಸಿಕ್ಕಿಸಿದೆ. ಮಡಿಯ ಅತ್ತೆ, ನಾನು ಮುಟ್ಟಿದ ಕೊಡಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುವ ಅತ್ತೆ, ನನ್ನನ್ನು ಬಾಜುವಿಗೆ ಸರಿಸಿದರು. "ನಿನಗ ಜ್ವಾಳದಾಗಿನ ಕಲ್ಲ ಆರ್ಸಾಕ ಬರೂದಿಲ್ಲ, ಇದನ್ನೇನ್ ಆರಸ್ತಿ, ಸರಿ ಅತ್ಲಾಗ!" ಹಿತ್ತಲಲ್ಲಿ ಒಲೆಯ ಬೂದಿ ಹರವಿ ಅದರ ಮೇಲೆ ಮೊಮ್ಮಗನನ್ನು ಕೂರಿಸಿದರು. ಅವನೆದ್ದ ಮೇಲೆ ಜಾಲಿಕಡ್ಡಿ ಹಿಡಿದು ತಾವು ಕೂತರು. ದಿನವೂ ಅದೇ. ಹುಡುಗನದು ಮಾತ್ರ ದೊರೆಯ ದರ್ಬಾರು. ಓಣಿಯವರು ತಂದ ಬಾಳೆಹಣ್ಣು ತಿನ್ನುವುದು, ಮುಗಿದ ಕೂಡಲೇ "ಇನ್ನೊಂದ್ ನುಂಗ್ಲೇನು?" ಎಂದು ಹೆದರಿಸುವುದು.

ದಿನ ಉರುಳಿದವು, ದುಡ್ಡು ಬೀಳಲಿಲ್ಲ. ಹಗಲೆಲ್ಲ ಬಾಯಲ್ಲಿ ನಗುತ್ತಿದ್ದೆ. ರಾತ್ರಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದೆ.

ಸಂತೆಯ ಹಿಂದಿನ ದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನಿಂದ ಅತ್ತೆ ಚೀರಿದರು. ಹಿಟ್ಟಿನ ಕೈಯಲ್ಲೇ ಓಡಿದೆ.

"ಬಿತ್ತು! ಬಿತ್ತು ನೋಡ್ ಬೇ!"

ಬೂದಿಯಲ್ಲಿ ನಾಲ್ಕಾಣೆ ಕಪ್ಪಾಗಿ ಬಿದ್ದಿತ್ತು. ಅಲ್ಲೇ ಕುಸಿದು ಕೂತೆ. ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಬಂತು, ಗೊಳೋ ಎಂದು ಅಳತೊಡಗಿದೆ. ಅತ್ತೆ ನನ್ನ ಕಡೆ ಧಾವಿಸಿ ಬಂದವರು ತಮ್ಮ ಕೈ ನೋಡಿಕೊಂಡು ತಟ್ಟನೆ ನಿಂತರು. ಮತ್ತೊಂದು ಹೆಜ್ಜೆ ಇಟ್ಟರು, ಮತ್ತೆ ನಿಂತರು.

"ಅಳಬ್ಯಾಡ ನನ್ನವ್ವಾ, ತಡಿ, ಕೈ ತೊಕ್ಕೊಂಡ್ ಬಂದು ಅಪ್ಕೊಂತೀನಿ."

ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ನನ್ನವ್ವಾ ಎಂದದ್ದು ಅದೇ ಮೊದಲು. ಕೈ ತೊಳೆಯುವತನಕ ಯಾರು ಕಾಯುತ್ತಾರೆ? ಎದ್ದು ಹೋಗಿ ಹಿಟ್ಟಿನ ಕೈಯಿಂದಲೇ ಅವರನ್ನು ತಬ್ಬಿಕೊಂಡೆ. ಎರಡೂ ಕೈ ಮೇಲೆತ್ತಿ, ಜಾಲಿಕಡ್ಡಿ ಹಿಡಿದುಕೊಂಡೇ ನಿಂತಿದ್ದ ಅತ್ತೆ "ಸೀರಿ ಎಲ್ಲಾ ಹಿಟ್ಟ ಆತಲ್ಲ ಬೇ" ಎಂದು ಬೈದರು, ಆದರೆ ಸರಿದು ನಿಲ್ಲಲಿಲ್ಲ.